ಬಲೆ ಹೊತ್ತ ಶಿಕಾರಿ

ನಮ್ಮ ಶಿಕಾರಿಯಣ್ಣ ಜೀವಮಾನದಲ್ಲಿ ಒಂದು ಮೊಲವನ್ನೂ ಹೊಡೆದವರಲ್ಲ. ಆದರೂ ಮಸ್ಕತ್ತಿನ ಘಾಲಾದಲ್ಲಿ ಗ್ಯಾರೇಜು, ಗೋದಾಮುಗಳ ನಡುವೆ ದುಡಿಯುತ್ತಿದ್ದ ನಮ್ಮ ಕಡೆಯ ಜನರಿಗೆಲ್ಲ ಅವರು ಶಿಕಾರಿಯೇ. ಮೊನ್ನೆ ಅವರು ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದ ಹಳೆಯ ಗೆಳೆಯನಿಗೂ ಅವರ ನಿಜವಾದ ಹೆಸರು ಥಟ್ಟನೆ ನಾಲಗೆಗೆ ಬರಲಿಲ್ಲ. "ನಮ್ಮ ಶಿಕಾರಿ ಹೋದ್ರಂತೆ ಮಾರಾಯಾ" ಅಂದ. ನನಗೆ ಮೊದಲು ಬಂದದ್ದು ನಗು. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಅತ್ತೆ. ಅವರ ವಿಷಯದಲ್ಲಿ ಯಾವಾಗಲೂ ಹೀಗೆಯೇ, ನಗದೆ ಯಾವುದೂ ಶುರುವಾಗುತ್ತಿರಲಿಲ್ಲ.

ಅವರು ಮಲ್ಪೆ ಕಡೆಯ ಮೊಗವೀರರು, ಕಡಲಿನಲ್ಲಿ ಮೀನು ಹಿಡಿಯುವ ಕುಲ. ಎಂಬತ್ತರ ದಶಕದ ಆರಂಭದಲ್ಲಿ ಒಮಾನಿಗೆ ಬಂದು, ಕಡಲದಂಡೆಯ ಸಣ್ಣ ಪೇಟೆಯಾದ ಸಹಮ್‌ನಲ್ಲಿ ನಮ್ಮ ಕಡೆಯ ಬ್ಯಾರಿ ಮುಸ್ಲಿಮರೊಬ್ಬರು ನಡೆಸುತ್ತಿದ್ದ ಮೀನಿನ ಅಂಗಡಿಗೆ ಸೇರಿದ್ದರು. ಮೀನು ಕೊಯ್ಯುವುದು, ಐಸು ಹಾಕುವುದು, ಬಿಡುವಿದ್ದಾಗ ಅಲ್ಲಿನ ಮೀನುಗಾರರ ಹರಿದ ಬಲೆ ಹೆಣೆದು ಕೊಡುವುದು ಅವರ ಕೆಲಸ. ಅರಬ್ಬಿ ಮಾತು ಕಲಿತದ್ದೂ ಆ ಮೀನುಗಾರರ ಬಾಯಿಂದಲೇ. ಅಲ್ಲಿ ಮೀನು ಹಿಡಿಯುವವನಿಗೆ ಸಯ್ಯಾದ್ ಅನ್ನುತ್ತಾರೆ. ಬೇಟೆಯಾಡುವವನಿಗೂ ಅದೇ ಶಬ್ದ. ಆದರೆ ಸಹಮ್‌ನ ದಂಡೆಯಲ್ಲಿ ಕೂತವರಿಗೆ ಬೇಟೆಯ ಉಸಾಬರಿ ಯಾಕೆ? ಹಾಗಾಗಿ ಆ ಎರಡನೆಯ ಅರ್ಥ ಶಿಕಾರಿಯಣ್ಣನ ಕಿವಿಗೆ ಬಿದ್ದೇ ಇರಲಿಲ್ಲ.

ಅದೇ ಹೊತ್ತಿಗೆ ಘಾಲಾದಲ್ಲಿ ನಾನು ಕೆಲಸಕ್ಕಿದ್ದ ಕಂಪೆನಿಯ ಮಾಲಕರು ಯಾವುದೋ ತೋಟ ನೋಡಲೆಂದು ಸಹಮ್‌ಗೆ ಹೋದರು. ಅವರನ್ನು ನಾವು ಅರಬಾಬ್ ಎನ್ನುತ್ತಿದ್ದೆವು. ಅವರ ಹುಟ್ಟೂರು ಒಳನಾಡಿನಲ್ಲಿ, ಮರುಭೂಮಿಯ ಅಂಚಿಗೆ. ಅಲ್ಲಿಯವರು ಕಂಡ ಮೀನೆಂದರೆ ಒಣಗಿಸಿದ್ದು ಮಾತ್ರ. ಅವರ ಪ್ರಕಾರ ಸಯ್ಯಾದ್ ಎಂದರೆ ಬಂದೂಕು ಹಿಡಿದವನು, ಬೇರೆ ಅರ್ಥವೇ ಇಲ್ಲ. ಬ್ಯಾರಿಯವರ ಅಂಗಡಿಯ ಮುಂದೆ ಚಹಾ ಕುಡಿಯುತ್ತಾ, ಎದೆ ಸೆಟೆಸಿ ನಿಂತಿದ್ದ ಈ ಗಟ್ಟಿ ಆಳನ್ನು ನೋಡಿ ಅರಬಾಬ್ ಕೇಳಿದರಂತೆ:

"ನಿನ್ನ ಕಸುಬು ಏನು?"

"ನಾನು ಸಯ್ಯಾದ್."

"ಹಿಂದುಸ್ತಾನದಲ್ಲೂ?"

"ಅಪ್ಪ ಸಯ್ಯಾದ್, ಅಜ್ಜ ಸಯ್ಯಾದ್. ನಮ್ಮ ಕುಲವೇ ಸಯ್ಯಾದ್."

"ದೊಡ್ಡದು ಅಂತ ಏನು ಹಿಡಿದಿದ್ದೀ?"

ಶಿಕಾರಿಯಣ್ಣ ಎರಡೂ ಕೈ ಅಗಲಿಸಿ ತೋರಿಸಿದರು. ಕೈ ಸಾಲದೆ ಗೋಡೆಯಿಂದ ಬಾಗಿಲಿನವರೆಗೆ ಕಣ್ಣು ಹಾಯಿಸಿದರು. ಅರಬಾಬರಿಗೆ ಅದು ಚಿರತೆಯಾಗಿ ಕಂಡಿರಬೇಕು. ಇವರು ಹೇಳಿದ್ದು ತೊರಕೆ ಮೀನು.

ಮುಂದಿನ ತಿಂಗಳೇ ಬ್ಯಾರಿಯವರನ್ನು ಒಪ್ಪಿಸಿ ಅರಬಾಬ್ ಇವರನ್ನು ನಮ್ಮ ಕಂಪೆನಿಗೆ ಕರೆತಂದರು. ಮರುಭೂಮಿಯಲ್ಲಿ ಎಣ್ಣೆ ಹುಡುಕುವವರ ಕ್ಯಾಂಪುಗಳಿಗೆ ಟ್ಯಾಂಕರಿನಲ್ಲಿ ನೀರು ಮುಟ್ಟಿಸುವುದು ನಮ್ಮ ವ್ಯವಹಾರ. ದಾರಿಯಲ್ಲಿ, ಒಣಗಿದ ಹಳ್ಳವೊಂದರ ಪಕ್ಕ, ನಮ್ಮದೊಂದು ನೀರಿನ ಟ್ಯಾಂಕು ಮತ್ತು ತಗಡಿನ ಶೆಡ್ಡು ಇತ್ತು. ಚಳಿಗಾಲದಲ್ಲಿ ಅಲ್ಲಿಯೇ ಡೇರೆ ಹೊಡೆದು, ಹಳೆಯ ಬೇಟೆಯ ಕತೆ ಹೇಳಿಕೊಂಡು ಕೂರುವುದು ಅರಬಾಬರ ಚಟ. ಬೇಟೆಗೆ ಸರ್ಕಾರದ ನಿಷೇಧ ಬಂದು ಆಗಲೇ ವರ್ಷಗಳಾಗಿದ್ದವು. ಅವರೂ ಬಿಟ್ಟಿದ್ದರು. ಆದರೂ ಡೇರೆಗೊಬ್ಬ ಬೇಟೆಗಾರನಿದ್ದರೆ ಶೋಭೆ ಎಂದು ಅವರಿಗೆ ಆಸೆ.

ಆಫೀಸಿನ ಗುಮಾಸ್ತನಾದ ನಾನೂ ಆ ದಿನ ಜೊತೆಗಿದ್ದೆ. ಶಿಕಾರಿಯಣ್ಣ ಪಿಕಪ್ಪಿನಿಂದ ಇಳಿದಾಗ ಹೆಗಲಲ್ಲಿ ದೊಡ್ಡದೊಂದು ಗೋಣಿ. ಅದರಲ್ಲಿ ಬಟ್ಟೆಬರೆ ಇರಬಹುದೆಂದು ನಾವು ಎಣಿಸಿದೆವು. ಅರಬಾಬ್ ತಮ್ಮ ಹಳೆಯ ರೈಫಲನ್ನು ತಂದು, ಮಗುವನ್ನು ಕೊಡುವ ಹಾಗೆ ಅವರ ಕೈಗೆ ಕೊಟ್ಟು, "ಒರೆಸಿ ಇಡು" ಅಂದರು. ಅವರು ಅದನ್ನು ತಲೆಕೆಳಗಾಗಿ ಹಿಡಿದು ಸುತ್ತಲೂ ನೋಡಿದರು. ಎತ್ತ ನೋಡಿದರೂ ಮರಳು. ಆಮೇಲೆ ಬಹಳ ವಿನಯದಿಂದ ಕೇಳಿದರು:

"ಅರಬಾಬ್, ವೇನ್ ಲಂಜ್?"

ದೋಣಿ ಎಲ್ಲಿ ಅಂತ! ಗೋಣಿ ಬಿಚ್ಚಿದರೆ ಬೆಂಡು ಸಮೇತ ನೈಲಾನಿನ ಬಲೆ. ಅರಬಾಬರಿಗೆ ವಿಷಯ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ಅವರು ನಕ್ಕದ್ದು ಹೇಗೆಂದರೆ, ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಹೆಗಲಿಗೆ ಬಂತು. ಬೇರೆ ಯಜಮಾನನಾಗಿದ್ದರೆ ಅದೇ ಗಾಡಿಯಲ್ಲಿ ವಾಪಸು ಕಳಿಸುತ್ತಿದ್ದ. ಅರಬಾಬ್ ಕಣ್ಣೊರೆಸಿಕೊಂಡು, "ಇರಲಿ, ಇವನು ನನ್ನ ಸಯ್ಯಾದೇ" ಅಂದರು. ಹೀಗೆ ಅವರು ನಮ್ಮ ಬಾಯಲ್ಲಿ ಶಿಕಾರಿಯಾದರು, ನೀರಿನ ಟ್ಯಾಂಕಿನ ಕಾವಲುಗಾರರಾದರು, ಅಡುಗೆಯವರೂ ಆದರು.

ಬೇರೆ ಮನುಷ್ಯನಾಗಿದ್ದರೆ ಈ ಫಜೀತಿಯನ್ನು ಮುಚ್ಚಿಡುತ್ತಿದ್ದ. ಇವರು ಅದನ್ನು ನುಂಗಿ ನೀರು ಕುಡಿದು, ವರ್ಷ ತುಂಬುವುದರೊಳಗೆ ನಿಜವಾಗಿಯೂ ಬೇಟೆಗಾರರಾಗಿಬಿಟ್ಟರು, ಬಾಯಿಯಲ್ಲಿ. ರಜೆಯಲ್ಲಿ ಘಾಲಾಕ್ಕೆ ಬಂದರೆ ಕ್ಯಾರಂ ಬೋರ್ಡಿನ ಸುತ್ತ ಕೂತ ಡ್ರೈವರುಗಳಿಗೆ ಅವರ ಶಿಕಾರಿಯ ಕತೆ. ತೋಳದ ಜೊತೆ ಕಣ್ಣಲ್ಲಿ ಕಣ್ಣಿಟ್ಟದ್ದು, ಕಾಡುಬೆಕ್ಕನ್ನು ಬರಿಗೈಯಲ್ಲಿ ಓಡಿಸಿದ್ದು. ಅರಬಾಬರ ರೈಫಲನ್ನು ಹೆಗಲಿಗಿಟ್ಟು ಫೋಟೊ ತೆಗೆಸಿ ಎಲ್ಲರಿಗೂ ಹಂಚಿದ್ದರು. ತಲೆಗೆ ಕ್ರೀಮು ಮೆತ್ತಿ ಬಾಚದೆ ಅವರು ಕತೆ ಶುರುಮಾಡುತ್ತಲೇ ಇರಲಿಲ್ಲ. ನಾವು ಮುಖ ಬಿಗಿಹಿಡಿದುಕೊಂಡು ಕೇಳಬೇಕು, ನಕ್ಕರೆ ಕೆಲಸ ಕೆಟ್ಟಿತು. ಒಮ್ಮೆ ಒಬ್ಬ ಡ್ರೈವರು "ಹೋಗಿ ಬಂಗುಡೆ ಮಾರಿ ಅಣ್ಣ" ಅಂದದ್ದಕ್ಕೆ ಅವನ ಜೊತೆ ಒಂದು ಇಡೀ ಬೇಸಗೆ ಮಾತು ಬಿಟ್ಟಿದ್ದರು. ಆ ಮನುಷ್ಯನಿಗೆ ಆಸ್ತಿ ಅಂತ ಇದ್ದದ್ದು ಆ ಒಂದು ಹೆಸರು. ಅದನ್ನು ಯಾರಾದರೂ ಕೆರೆದರೆ ರಕ್ತ ಬರುತ್ತಿತ್ತು.

ಕೈ ಮಾತ್ರ ಮೀನುಗಾರನದ್ದೇ ಆಗಿ ಉಳಿದಿತ್ತು. ಅಂಗಿಯ ಕಿಸೆಯಲ್ಲಿ ನಾವು ಪೆನ್ನು ಸಿಕ್ಕಿಸುವ ಕಡೆ ಅವರದ್ದು ಬಲೆ ಹೆಣೆಯುವ ಸೂಜಿ. ಮಾತಾಡುತ್ತಾ ಕೂತರೆ ಬೆರಳು ತಾನಾಗಿ ಗಂಟು ಹಾಕುತ್ತಿತ್ತು. ಡ್ರೈವರುಗಳ ವಾಲಿಬಾಲಿಗೆ ನೆಟ್ಟು, ಟೊಮೆಟೊ ತೂಗುಹಾಕಲು ಚೀಲ, ಎಲ್ಲ ಅವರ ಕೈಯವೇ. ಗಾಳಿ ಎದ್ದರೆ ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು, "ಇವತ್ತು ತೆಂಕಣದ್ದು ರೈಟ್ರೆ, ಸಂಜೆಗೆ ಜೋರಾಗ್ತದೆ" ಅನ್ನುತ್ತಿದ್ದರು. ನಮ್ಮ ಕಡೆ ಗುಮಾಸ್ತರನ್ನು ರೈಟ್ರು ಅನ್ನುವುದು, ನನ್ನನ್ನು ಹಾಗೆಯೇ ಕರೆಯುತ್ತಿದ್ದರು. ಏನು ತೊಂದರೆ ಬಂದರೂ ಅವರದ್ದು ಒಂದೇ ಮಾತು: "ನೀರು ಇಳೀಲಿ, ನೋಡುವ." ವೀಸಾ ತಡವಾದರೂ, ಡೇರೆ ಹಾರಿದರೂ, ಹಲ್ಲು ನೋವಾದರೂ ನೀರು ಇಳಿಯಬೇಕು.

ನೀರಿನ ಟ್ಯಾಂಕು ಸೋರುತ್ತಿತ್ತು. ಸೋರಿದ ಜಾಗದಲ್ಲಿ ಶಿಕಾರಿಯಣ್ಣ ಮುಳ್ಳುಸೌತೆ ಬಳ್ಳಿ ಹಬ್ಬಿಸಿದರು. ಆಡುಗಳು ಬಾರದಂತೆ ಒಂದು ಬದಿಗೆ ತಮ್ಮ ಬಲೆಯನ್ನು ಕಟ್ಟಿದರು. ಆ ಹಸಿರಿಗೆ ಬೆಳಗಿನ ಜಾವ ಜಿಂಕೆಗಳು ಬರತೊಡಗಿದವು. ಅಲ್ಲಿನ ಜಿಂಕೆ ಸಣ್ಣದು, ಮರಳಿನ ಬಣ್ಣ, ಹತ್ತಿರ ಬಂದರೂ ಕಣ್ಣಿಗೆ ಬೀಳದು. ಅವುಗಳಲ್ಲಿ ಒಂದು ಗಂಡು. ಕೋಡು ಎರಡೂ ನೀಳವಾಗಿ ಎದ್ದು ಒಳಕ್ಕೆ ಬಾಗಿದ್ದವು. ಅದಕ್ಕೆ ಅವರು ಇಟ್ಟ ಹೆಸರು ಧಣಿ. "ಬೇರೆಯವರು ಬೆಳೆದದ್ದನ್ನು ಕೇಳದೆ ತಿಂದು, ತಿರುಗಿ ನೋಡದೆ ಹೋಗುವವನಿಗೆ ಮತ್ತೆಂತ ಹೇಳುದು?" ಅನ್ನುತ್ತಿದ್ದರು. ಬೈಯುವುದು ಹಾಗೆ, ಆದರೆ ಧಣಿಗೆಂದು ಸೌತೆಕಾಯಿಯ ಸಿಪ್ಪೆ ದಿನವೂ ಬೇರೆ ಇಡುತ್ತಿದ್ದರು.

ಅಷ್ಟರಲ್ಲಿ ಒಬ್ಬ ಅಮೆರಿಕದವನು ಬಂದ. ಎಣ್ಣೆ ಕ್ಯಾಂಪೊಂದರ ಮುಖ್ಯಸ್ಥ. ನಮ್ಮ ಟ್ಯಾಂಕರುಗಳ ಗುತ್ತಿಗೆ ಮುಂದುವರಿಯುವುದೂ ನಿಲ್ಲುವುದೂ ಅವನ ಕೈಯಲ್ಲಿತ್ತು. ಮಸ್ಕತ್ತಿನ ಅವನ ಮನೆಗೆ ನಾನೊಮ್ಮೆ ಹೋದಾಗ ಗೋಡೆಯಲ್ಲಿ ದೊಡ್ಡದೊಂದು ಜಿಂಕೆಯ ತಲೆ ನನ್ನನ್ನೇ ನೋಡುತ್ತಿತ್ತು. ಕವಲು ಕವಲಾದ ಕೋಡು, ಹೇಸರಗತ್ತೆಯ ಕಿವಿಯ ಹಾಗೆ ಅಗಲ ಕಿವಿ. ಅದಕ್ಕೇ ಅದಕ್ಕೆ ಮ್ಯೂಲ್ ಡಿಯರ್ ಎಂದು ಹೆಸರಂತೆ. ಅವನ ದೇಶದ ಮರುಭೂಮಿಯಲ್ಲಿ ಹೊಡೆದದ್ದು, ಹಡಗಿನಲ್ಲಿ ಹಾಕಿ ತರಿಸಿಕೊಂಡಿದ್ದ. ಅದರ ಪಕ್ಕ ಗೋಡೆ ಖಾಲಿ ಬಿಟ್ಟಿದ್ದ. ಅಲ್ಲಿಗೊಂದು ಒಮಾನಿನ ಜಿಂಕೆಯ ತಲೆ ಬೇಕು ಎಂಬುದು ಅವನ ಹಟ. ಅರಬಾಬರ ಹತ್ತಿರ ಹಿಂದುಸ್ತಾನದ ಬೇಟೆಗಾರನೊಬ್ಬ ಇದ್ದಾನೆ ಎಂಬ ಸುದ್ದಿ, ಫೋಟೊ ಸಮೇತ, ಅವನ ಅಡುಗೆಯವನ ಮೂಲಕ ಅವನಿಗೆ ಮುಟ್ಟಿತ್ತು.

ಅವನು ನಮ್ಮ ಡೇರೆಗೆ ಅತಿಥಿಯಾಗಿ ಬಂದ, ಬಂದೂಕು ತಂದ. ನಿಷೇಧದ ಮಾತೆತ್ತಿದರೆ, "ಈ ಮರಳಿನಲ್ಲಿ ಯಾರು ನೋಡುತ್ತಾರೆ?" ಎಂದು ನಕ್ಕ. ಅರಬಾಬರ ಮುಖ ಬಾಡಿತು. ಸಿಕ್ಕಿಬಿದ್ದರೆ ಜೈಲು ಅವರಿಗೇ. ಬೇಡ ಅನ್ನೋಣವೆಂದರೆ ಗುತ್ತಿಗೆ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ, ಬಂದ ಅತಿಥಿಗೆ ಇಲ್ಲ ಅನ್ನುವ ನಾಲಗೆ ಅವರಿಗೆ ಇರಲಿಲ್ಲ. ಅವನ ಬಟ್ಟಲಿಗೆ ಮತ್ತೆ ಕಾಫಿ ಬಗ್ಗಿಸಿದರು.

ಆ ಸಂಜೆ ಅಮೆರಿಕದವನು ತನ್ನ ಮ್ಯೂಲ್ ಡಿಯರಿನ ಕತೆ ಹೇಳಿದ. ಒಪ್ಪಬೇಕು, ಚೆನ್ನಾಗಿ ಹೇಳಿದ. ವರ್ಷ ವರ್ಷ ಅದೇ ಜಿಂಕೆಯ ಹಿಂದೆ ಅಲೆದದ್ದು, ಹೊಟ್ಟೆಯ ಮೇಲೆ ತೆವಳಿದ್ದು. ಕೊನೆಗೆ ಒಂದು ದಿನ ಅದು ಗುಂಡಿನ ಅಳತೆಗೆ ಸಿಕ್ಕಿತಂತೆ, ಆದರೆ ನಿಂತದ್ದು ಯಾರದೋ ಬೇಲಿಯೊಳಗೆ. ಇವನು ಬಂದೂಕು ಕೆಳಗಿಟ್ಟ. ಮತ್ತೊಂದು ವರ್ಷ ಕಾದ. "ಬೇಲಿಯೊಳಗಿನದನ್ನು ಹೊಡೆದರೆ ಅದು ಬೇಟೆಯಲ್ಲ, ಕಟುಕನ ಕೆಲಸ. ಅಂಥ ತಲೆಯನ್ನು ನಾನು ಗೋಡೆಗೆ ಹಾಕುವುದಿಲ್ಲ" ಅಂದ. ದೇಶದ ಕಾನೂನಿಗೆ ಕಿಮ್ಮತ್ತು ಕೊಡದವನು ಬೇಲಿಗೆ ಇಷ್ಟು ಕಿಮ್ಮತ್ತು ಕೊಡುವುದು ನನಗೆ ತಮಾಷೆಯಾಗಿ ಕಂಡಿತು. ಶಿಕಾರಿಯಣ್ಣ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಎಂತ ಹೇಳಿದ್ದು ಅವ?"

ನಾನು ತುಳುವಿನಲ್ಲಿ ಹೇಳಿದೆ.

"ಬೇಲಿ ಇದ್ರೆ ಲೆಕ್ಕಕ್ಕಿಲ್ಲ ಅಂತಲಾ?"

"ಹೌದಂತೆ."

"ಸರಿ ಕೇಳಿದ್ರಲ್ಲ ರೈಟ್ರೆ? ಖಂಡಿತ ಹಾಗೇ ಹೇಳಿದ್ದಾ?"

"ಹೌದು ಮಾರಾಯ್ರೆ. ನಿಮಗ್ಯಾಕೆ ಅದು?"

ಅವರು ಕಿಸೆಯಿಂದ ಬಲೆಯ ಸೂಜಿ ತೆಗೆದು ಬೆರಳಲ್ಲಿ ತಿರುಗಿಸಿದರು. ಅಷ್ಟು ಹೊತ್ತಿಗೆ ಅಮೆರಿಕದವನು ಅವರ ಹೆಗಲಿಗೆ ಕೈಹಾಕಿ, ಜಿಂಕೆ ತೋರಿಸುತ್ತೀಯಾ ಎಂದು ಕೇಳಿದ. ಇಲ್ಲ ಅನ್ನಲು ಬಾಯಿಲ್ಲ. ಟ್ಯಾಂಕಿನ ಸುತ್ತ ಗೊರಸಿನ ಗುರುತುಗಳನ್ನು ಅವನಾಗಲೇ ಕಂಡಿದ್ದ. ಬೇರೆ ದಿಕ್ಕಿಗೆ ಕರೆದೊಯ್ದು ದಾರಿ ತಪ್ಪಿಸೋಣವೆಂದರೆ ಅವನು ನಿಜವಾದ ಬೇಟೆಗಾರ, ಇವರು ಬಾಯಿ ಬೇಟೆಗಾರ. "ನಾಳೆ ಬೆಳಿಗ್ಗೆ ತೋರಿಸುವ" ಅಂದರು. ನನ್ನ ಕಡೆ ತಿರುಗಿ ಮೆಲ್ಲನೆ, "ನಾನು ಗಾಳಕ್ಕೆ ಎರೆ ಹಾಕಿ ಬೆಳೆದವ ರೈಟ್ರೆ. ಆದ್ರೆ ಧಣಿಗೆ ಹಾಕಿದ್ದು ಎರೆ ಅಲ್ಲ, ಊಟ" ಅಂದರು.

ಬೆಳಕು ಹರಿಯುವ ಮುಂಚೆ ನಾವು ಮೂವರೂ ಟ್ಯಾಂಕರಿನ ಮರೆಯಲ್ಲಿ ಮಲಗಿದೆವು. ಅತಿಥಿ ಬಂದೂಕಿನೊಂದಿಗೆ, ನಡುವೆ ದುಭಾಷಿಯಾಗಿ ನಾನು, ಆಚೆ ಶಿಕಾರಿಯಣ್ಣ. ಜಿಂಕೆಗಳು ಹಳ್ಳದ ಕಡೆಯಿಂದ ಒಂದೊಂದಾಗಿ ಬಂದವು. ಕೊನೆಯಲ್ಲಿ ಧಣಿ. ಅಮೆರಿಕದವನ ಉಸಿರು ಬಿಗಿಯಾದದ್ದು ನನಗೆ ಕೇಳಿಸಿತು. ಬಂದೂಕಿನ ದುರ್ಬೀನಿಗೆ ಕಣ್ಣು ಕೊಟ್ಟ. ಆಗ ಶಿಕಾರಿಯಣ್ಣ ನನ್ನ ಕಿವಿಗೆ ಬಾಯಿಟ್ಟು ಹೇಳಿದರು:

"ಹೊಡೀಲಿಕ್ಕೆ ಹೇಳಿ ಅವನಿಗೆ. ಓಡ್ಲಿಕ್ಕಾಗುದಿಲ್ಲ ಅದಕ್ಕೆ. ನಾನು ಸುತ್ತ ಬಲೆ ಕಟ್ಟಿದ್ದೇನೆ. ದೊಡ್ಡಿಯ ಆಡಿನ ಹಾಗೆ ಉಂಟು, ಆರಾಮ ಹೊಡೀಬಹುದು."

ಬೆಳಕು ಸ್ವಲ್ಪ ಬಲಿತಾಗ ನನಗೂ ಕಂಡಿತು. ನಿನ್ನೆ ಒಂದೇ ಬದಿಗಿದ್ದ ಬಲೆ ಈಗ ಮುಳ್ಳುಮರಗಳಿಂದ ಡೇರೆಯ ಗಳುಗಳಿಗೆ, ಗಳುಗಳಿಂದ ಟ್ಯಾಂಕಿಗೆ ಸುತ್ತಿಕೊಂಡಿತ್ತು. ಹಳ್ಳದ ಕಡೆ ಮಾತ್ರ ತೆರಪು. ಮರಳುಗಾಡಿನ ನಡುವೆ ಮುಳ್ಳಿನ ಕೊಂಬೆಗಳಲ್ಲಿ ಮೀನುಬಲೆಯ ಬೆಂಡುಗಳು ನೇತಾಡುತ್ತಿದ್ದವು. ನಾನು ಅವರ ಮಾತನ್ನು ಇದ್ದ ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದೆ. ತಿರುಗಿಸುತ್ತಾ ಅವರನ್ನು ನೋಡಿದೆ. ಮುಖದಲ್ಲಿ ಹಲ್ಲು ಕಿರಿದ ಪೆದ್ದು ನಗು. ಆದರೆ ಬೆರಳು ನೂಲಿಲ್ಲದೆಯೇ ಗಂಟು ಹಾಕುತ್ತಿತ್ತು. ಅವನು ಹೊಡೆದಿದ್ದರೆ ಧಣಿ ಸಾಯುತ್ತಿದ್ದದ್ದು ಇವರದ್ದೇ ಬಲೆಯೊಳಗೆ.

ಅಮೆರಿಕದವನು ದುರ್ಬೀನಿನಲ್ಲಿ ಬಹಳ ಹೊತ್ತು ನೋಡಿದ. ಬೆರಳು ಬಂದೂಕಿನ ಕುದುರೆಯ ಮೇಲೆಯೇ ಇತ್ತು. ಅಲ್ಲಿ ಯಾರೂ ಇರಲಿಲ್ಲ, ಮೀನಿನ ಬಲೆಯನ್ನು ಬೇಲಿ ಅಂತ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಮೇಲೆ ಅವನು ಬಂದೂಕಿನಿಂದ ತೋಟಾ ತೆಗೆದು ಕಿಸೆಗೆ ಹಾಕಿಕೊಂಡ. ಎದ್ದು ನಿಂತ. ಜಿಂಕೆಗಳು ತೆರಪಿನಿಂದ ಹಳ್ಳಕ್ಕೆ ಹಾರಿ ಕಾಣದಾದವು. ಅವನ ಮುಖ ಕೆಂಪಡರಿತ್ತು.

"ಈ ಮೂರ್ಖನಿಗೆ ಹೇಳು, ದೊಡ್ಡಿಯಲ್ಲಿ ಕೂಡಿದ್ದನ್ನು ಕೊಲ್ಲುವುದಕ್ಕೆ ನಾನು ಬಂದದ್ದಲ್ಲ" ಅಂದ.

ಶಿಕಾರಿಯಣ್ಣ ಕೈಮುಗಿದರು. "ತಪ್ಪಾಯ್ತು ಸಾಯ್ಬ್ರೆ. ನಾನು ಮೀನು ಹಿಡಿಯುವವ. ಬಂದೂಕು ಹಿಡೀಲಿಕ್ಕೂ ಬರುದಿಲ್ಲ ನನಗೆ. ಬಲೆ ಒಂದೇ ಗೊತ್ತಿದ್ದದ್ದು."

ಎಲ್ಲರೆದುರು, ಡೇರೆಯ ಮುಂದೆ, ಆಗ ತಾನೇ ಎದ್ದು ಬಂದ ಡ್ರೈವರುಗಳ ಎದುರು ಆ ಮಾತನ್ನು ಅವರು ಮತ್ತೊಮ್ಮೆ ಹೇಳಬೇಕಾಯಿತು. ಅತಿಥಿಗೆ ಮೊದಲು ಸಿಟ್ಟು, ಆಮೇಲೆ ತಡೆಯಲಾಗದ ನಗು. ಡ್ರೈವರುಗಳಂತೂ ಬಿದ್ದು ಬಿದ್ದು ನಕ್ಕರು. ಅರಬಾಬ್ ಮಾತ್ರ ನಗಲಿಲ್ಲ. ಶಿಕಾರಿಯಣ್ಣನ ಕಡೆ ತಿರುಗಿ, "ಅವತ್ತು ಸಹಮ್‌ನಲ್ಲಿ ಸಯ್ಯಾದ್ ಅಂದಿದ್ದ. ಯಾವುದರ ಸಯ್ಯಾದ್ ಅಂತ ನಾನೇ ಕೇಳಲಿಲ್ಲ" ಅಂದರು. ಎದ್ದು ಹೋಗಿ ಕಾಫಿಯ ಮೊದಲ ಬಟ್ಟಲನ್ನು ಅವರಿಗೆ ಕೊಟ್ಟರು. ಅತಿಥಿಯಿರುವಾಗ ಆಳಿಗೆ ಮೊದಲ ಬಟ್ಟಲು ಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಗುತ್ತಿಗೆಯೇನೂ ಕೈತಪ್ಪಲಿಲ್ಲ. ಅಮೆರಿಕದವನು ಆ ಕತೆಯನ್ನು ಹೋದಲ್ಲೆಲ್ಲ ಹೇಳಿಕೊಂಡು ನಗಿಸಿದ, ಮುಂದಿನ ವರ್ಷ ಖಾಲಿ ಗೋಡೆಯನ್ನು ಹಾಗೆಯೇ ಬಿಟ್ಟು ಊರಿಗೆ ಹೋದ. ಇತ್ತ ಘಾಲಾದಲ್ಲಿ ನಮ್ಮವರ ಬಾಯಿಗೆ ಹಬ್ಬ. "ಶಿಕಾರಿಯಣ್ಣ, ಒಂಟೆಗೆ ಎಷ್ಟು ಅಂಗುಲದ ಕಣ್ಣಿನ ಬಲೆ ಬೇಕು?" "ಶಿಕಾರಿಯಣ್ಣ, ಜಿಂಕೆ ಫ್ರೈಗೆ ರವೆ ಹಾಕುದಾ, ಮಸಾಲೆ ಮಾತ್ರವಾ?" ಮೊದಲು ಪ್ರೀತಿಗೆ ಕರೆಯುತ್ತಿದ್ದ ಹೆಸರು ಈಗ ಪೂರ್ತಿ ಗೇಲಿಯ ಹೆಸರಾಯಿತು. ಬಂಗುಡೆಯ ಒಂದು ಮಾತಿಗೆ ಬೇಸಗೆಯಿಡೀ ಮುನಿಸಿಕೊಂಡಿದ್ದ ಮನುಷ್ಯ ಈಗ ಎಲ್ಲದಕ್ಕೂ ತಲೆಯಾಡಿಸಿ ನಗುತ್ತಿದ್ದರು. ಕ್ಯಾರಂ ಬೋರ್ಡಿನ ಬಳಿ ಕತೆ ಹೇಳುವುದು ನಿಂತೇಹೋಯಿತು. ಹೇಳಿದರೆ ಕೇಳುವವರಾದರೂ ಯಾರು? ಕೊನೆಗೆ ತಾವಾಗಿಯೇ ಅರಬಾಬರನ್ನು ಕೇಳಿಕೊಂಡು ಸಹಮ್‌ನ ಮೀನಿನ ಅಂಗಡಿಗೆ ವಾಪಸಾದರು.

ತೊಂಬತ್ತರ ದಶಕದ ನಡುವೆ ಒಮ್ಮೆ ಕಂಪೆನಿಯ ಕೆಲಸಕ್ಕೆ ಸಹಮ್‌ಗೆ ಹೋದವನು ಅವರನ್ನು ಹುಡುಕಿಕೊಂಡು ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಂಜಲ್ ಮೀನಿನ ಸಾರು ಬಡಿಸಿದರು. ತಲೆಗೂದಲು ನೆರೆತಿತ್ತು, ಕ್ರೀಮಿನ ವಾಸನೆ ಇರಲಿಲ್ಲ. ಅಲ್ಲಿಗೂ ಆ ಕತೆ ಮುಟ್ಟಿತ್ತು. ಐಸು ಹೊರುವವನೊಬ್ಬ ಒಳಗೆ ಇಣುಕಿ, "ಏನು ಕಾಕಾ, ಇವತ್ತು ಜಿಂಕೆ ಬಿತ್ತಾ ಬಲೆಗೆ?" ಎಂದು ಕೇಳಿ ಹೋದ. ನನಗೆ ಕೆಟ್ಟದೆನಿಸಿತು. ತಡೆಯಲಾಗದೆ ಕೇಳಿಯೇಬಿಟ್ಟೆ.

"ನೀವು ಬೇಕೂಂತಲೇ ಬಲೆ ಕಟ್ಟಿದ್ದು ಅಂತ ಒಂದು ಮಾತು ಹೇಳಬಾರದಾ ಅಣ್ಣ? ಆ ಅಮೆರಿಕದವ ಹೋಗಿ ಯಾವ ಕಾಲ ಆಯ್ತು. ಇನ್ನು ಯಾರ ಹೆದರಿಕೆ? ನನಗೊಬ್ಬನಿಗೆ ಗೊತ್ತಿದ್ರೆ ಸಾಕಾ? ನಾನಾದ್ರೂ ಹೇಳ್ತೇನೆ."

"ಬೇಡ" ಅಂದರು. ಅಷ್ಟು ಗಟ್ಟಿಯಾಗಿ ಅವರು ನನ್ನ ಮಾತನ್ನು ಎಂದೂ ತಡೆದವರಲ್ಲ. ಮೀನಿನ ಮುಳ್ಳನ್ನು ಬಟ್ಟಲಿನ ಅಂಚಿಗೆ ಸರಿಸಿ ನಿಧಾನವಾಗಿ ಹೇಳಿದರು:

"ಅವನ ಬೆರಳು ಎಲ್ಲಿತ್ತು, ನೀವು ನೋಡಿದ್ದೀರಲ್ಲ ರೈಟ್ರೆ. ಒಂದು ಚೂರು ಒತ್ತಿದ್ರೆ ಮುಗೀತಿತ್ತು, ಯಾರು ಕೇಳ್ತಿದ್ರು? ಅವ ಬಿಟ್ಟ. ಅದು ಅವ ಬಿಟ್ಟದ್ದು, ನಾನು ಬಿಡಿಸಿದ್ದಲ್ಲ. ಈಗ ನಾನು ಹೋಗಿ, ಅದು ನನ್ನ ಉಪಾಯ, ಅವನನ್ನು ನಾನು ಮಂಗ ಮಾಡಿದ್ದು ಅಂತ ಹೇಳಿದ್ರೆ ಅವನದ್ದು ಅಂತ ಎಂತ ಉಳೀತು? ಇನ್ನೊಬ್ಬನ ಬಲೆಯಲ್ಲಿ ಇದ್ದದ್ದನ್ನು ಕದ್ದ ಹಾಗೆ ಆಗುದಿಲ್ಲವಾ?"

ಅವರು ನನ್ನ ಬಟ್ಟಲಿಗೆ ಇನ್ನೊಂದು ತುಂಡು ಮೀನು ಹಾಕಿದರು.

ಮಾಡದ ಬೇಟೆಗಳ ಕತೆಯನ್ನು ವರ್ಷಗಟ್ಟಲೆ ಹೇಳಿದ ಮನುಷ್ಯ, ಮಾಡಿದ್ದೊಂದನ್ನು ಸಾಯುವ ತನಕ ಯಾರಿಗೂ ಹೇಳಲಿಲ್ಲ. ಊರಿನಲ್ಲಿ ಅವರ ಮಕ್ಕಳಿಗೂ ಗೊತ್ತಿಲ್ಲವೆಂದು ಮೊನ್ನೆ ಫೋನಿನಲ್ಲಿ ತಿಳಿಯಿತು. ಅವರು ಬೇಡ ಅಂದದ್ದನ್ನು ನಾನೀಗ ಬರೆದಿದ್ದೇನೆ. ಆ ಅಮೆರಿಕದವನು ಎಲ್ಲಿದ್ದರೂ ಕನ್ನಡ ಓದಲಾರ ಎಂಬ ಧೈರ್ಯದಿಂದ.